ಪ್ರೌಢಶಾಲೆಯಲ್ಲಿ ಕೈಯ ವಿದ್ಯೆ: ಅಮೇರಿಕೆಯ ವಿದ್ಯಾರ್ಥಿಗಳ ಸಾಧನೆಯನ್ನು ಕುರಿತ ಉಪನ್ಯಾಸ



ವಿದ್ಯೆಗೆ ಎರಡು ನೆಲೆಗಳುಂಟು. ಒಂದು ನಾಲಗೆ, ಮತ್ತೊಂದು ಕೈ. ನಾಲಗೆಯಲ್ಲಿರುವ ವಿದ್ಯೆಯನ್ನು ಪ್ರಶ್ನೆ ಕೇಳಿ ಅಳೆಯಬಹುದು. ಕೈಯಲ್ಲಿರುವ ವಿದ್ಯೆಯನ್ನು ಅಳೆಯಬೇಕಾದರೆ ಕೆಲಸವನ್ನೇ ಒಪ್ಪಿಸಿ ನೋಡಬೇಕು. ಮೊದಲನೆಯದರಲ್ಲಿ ನಿಷ್ಣಾತನಾದವನಿಗೆ ಸಭೆಯಲ್ಲಿ ಶಾಲು ಹೊದಿಸುವುದೂ, ಎರಡನೆಯದರಲ್ಲಿ ನಿಪುಣನಾದವನನ್ನು ಹಿತ್ತಿಲ ಬಾಗಿಲಿನಿಂದ ಕರೆದು ಕೂಲಿ ಕೊಟ್ಟು ಕಳುಹಿಸುವುದೂ ಲೋಕದ ರೂಢಿಯಾಗಿದೆ. ದುಡಿಮೆಯನ್ನು ಕಾಯಕವೆಂದು ಕರೆದು ಗೌರವಿಸಿದ ಪರಂಪರೆಯವರ ಮನೆಗಳಲ್ಲಿ ಕೂಡ, ಮಗನು ಓದಿನಲ್ಲಿ ಹಿಂದೆ ಬಿದ್ದನೆಂದು ತಿಳಿದಾಗಲೇ ಅವನನ್ನು ಕೈಗೆಲಸಕ್ಕೆ ಹಾಕುವ ಯೋಚನೆ ಏಳುವುದು. ಅವನು ಮುಂದಿರುವಾಗ ಏಳುವುದಿಲ್ಲ. ಈ ಒಂದು ಸಂಗತಿಯೇ ಆ ವಿದ್ಯೆಗೆ ಸಲ್ಲುತ್ತಿರುವ ಬೆಲೆ ಎಷ್ಟೆಂಬುದನ್ನು ತೋರಿಸುತ್ತದೆ.

ಈ ರೂಢಿಯು ಒಂದು ದೇಶಕ್ಕೆ ಸೇರಿದುದಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇದು ಬೇರೂರಿತ್ತು; ಇಂದಿಗೂ ಪೂರ್ಣವಾಗಿ ಕಿತ್ತುಹೋಗಿಲ್ಲ. ಆದರೆ ಅಲ್ಲಿಯ ಪ್ರೌಢಶಾಲೆಗಳ ಉದ್ಯೋಗ ಮತ್ತು ತಾಂತ್ರಿಕ ಶಿಕ್ಷಣ ವಿಭಾಗಗಳಲ್ಲಿ ಕಲಿತ ಬಾಲಕ ಬಾಲಿಕೆಯರು ಮಾಡಿ ತೋರಿಸಿದ ಕೆಲವು ಕಾರ್ಯಗಳು ಈ ರೂಢಿಯನ್ನು ಪ್ರಶ್ನಿಸುವಂತಿವೆ. ಅವುಗಳ ವೃತ್ತಾಂತವನ್ನೂ ಅವುಗಳಿಂದ ಗ್ರಹಿಸಬೇಕಾದುದನ್ನೂ ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶ.

ಮೊದಲು ಆ ಶಿಕ್ಷಣವು ಹೇಗೆ ಹುಟ್ಟಿತೆಂಬುದನ್ನು ತಿಳಿಯತಕ್ಕದ್ದು. 1917ನೆಯ ಇಸವಿ ಫೆಬ್ರವರಿಯಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಒಂದು ಶಾಸನಕ್ಕೆ ಅಂಕಿತವನ್ನು ಹಾಕಿದರು. ಅದನ್ನು ತಂದವರು ಜಾರ್ಜಿಯಾ ಸಂಸ್ಥಾನದ ಹೋಕ್ ಸ್ಮಿತ್ ಮತ್ತು ಡಡ್ಲಿ ಹ್ಯೂಸ್ ಎಂಬವರಾದುದರಿಂದ ಅದಕ್ಕೆ ಸ್ಮಿತ್-ಹ್ಯೂಸ್ ಶಾಸನವೆಂದು ಹೆಸರಾಯಿತು. ಬೇಸಾಯ, ಕೈಗಾರಿಕೆ, ಗೃಹಕೃತ್ಯ ಈ ವಿಷಯಗಳನ್ನು ಕಲಿಸುವ ಶಾಲೆಗಳಿಗೆ ಕೇಂದ್ರ ಸರ್ಕಾರದ ಬೊಕ್ಕಸದಿಂದ ಹಣ ಒದಗುವಂತೆ ಅದು ಏರ್ಪಡಿಸಿತು. ಆ ಶಾಸನದ ಎರಡು ನಿಬಂಧನೆಗಳು ಗಮನಾರ್ಹವಾಗಿವೆ. ಬೇಸಾಯವನ್ನು ಕಲಿಯುವ ವಿದ್ಯಾರ್ಥಿಯು ವರ್ಷಕ್ಕೆ ಕಡಮೆಯೆಂದರೆ 6 ತಿಂಗಳು ಹೊಲದಲ್ಲಿ ಗುರುವಿನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕು. ಕೈಗಾರಿಕೆಯನ್ನು ಕಲಿಯುವವನು ಪಾಠದ ಅರ್ಧಕ್ಕೆ ಕಡಮೆಯಿಲ್ಲದ ಕಾಲವನ್ನು ಉಪಯುಕ್ತವಾದ ಪದಾರ್ಥವನ್ನು ತಯಾರಿಸುವ ಕೆಲಸದಲ್ಲಿಯೇ ಕಳೆಯಬೇಕು. ಗೋಡೆಯ ಮೇಲೆ ನೇಗಿಲ ಚಿತ್ರವನ್ನು ತೂಗುಹಾಕಿ ಬೇಸಾಯವನ್ನು ಬೋಧಿಸುವುದಕ್ಕೆ ಈ ನಿಬಂಧನೆಗಳು ಎಡೆಗೊಡಲಿಲ್ಲ.

ಇಷ್ಟು ಒಳ್ಳೆಯ ಶಾಸನದಲ್ಲಿಯೂ ಒಂದು ದೋಷವಿತ್ತು. ಕೈಯ ವಿದ್ಯೆಗೂ ಅಕ್ಷರ ವಿದ್ಯೆಗೂ ಪ್ರತ್ಯೇಕವಾದ ಹಣ, ಪ್ರತ್ಯೇಕವಾದ ಆಡಳಿತ, ಪ್ರತ್ಯೇಕವಾದ ಗುರುವರ್ಗ ಏರ್ಪಟ್ಟುವು. ಹೀಗಾಗುವುದೆಂದು ತತ್ತ್ವಜ್ಞರಾದ ಜಾನ್ ಡ್ಯೂಯಿಯವರು ಮೊದಲೇ ಎಚ್ಚರಿಸಿದ್ದರು. ಮ್ಯಾಸಚೂಸೆಟ್ಸ್ ಸಂಸ್ಥಾನದ ವಿದ್ಯಾಧಿಕಾರಿ ಡೇವಿಡ್ ಸ್ನೆಡನ್ನರಿಗೂ ಅವರಿಗೂ 1915ರಲ್ಲಿ ಈ ವಿಷಯವಾಗಿ ಬಹಿರಂಗ ವಾದ ನಡೆಯಿತು. ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ವಿಂಗಡಿಸಿ ಕಾರ್ಖಾನೆಗೆ ತಕ್ಕಂತೆ ತಿದ್ದುವುದು ಶಿಕ್ಷಣವಾಗಲಾರದೆಂದೂ, ಉದ್ಯೋಗದ ಮೂಲಕ ಬುದ್ಧಿಯನ್ನು ಬೆಳಸುವುದೇ ಶಿಕ್ಷಣವೆಂದೂ ಡ್ಯೂಯಿಯವರ ಪಕ್ಷ. ಶಾಸನವು ಅವರ ಮಾತಿನಂತೆ ಆಗಲಿಲ್ಲ. ತರುವಾಯದ ದಶಕಗಳಲ್ಲಿ ಬಡವರ ಮಕ್ಕಳನ್ನೂ, ಕರಿಯ ಜನರ ಮಕ್ಕಳನ್ನೂ, ಪರದೇಶಗಳಿಂದ ವಲಸೆ ಬಂದವರ ಮಕ್ಕಳನ್ನೂ ಯೋಗ್ಯತೆಯ ವಿಚಾರವಿಲ್ಲದೆ ಕೈಗೆಲಸದ ವರ್ಗಗಳಿಗೆ ನೂಕುವ ಅಭ್ಯಾಸವು ಅನೇಕ ಊರುಗಳಲ್ಲಿ ಬೆಳೆಯಿತು. ಒಳ್ಳೆಯ ಬಾವಿಯನ್ನು ತೋಡಿ ಅದರ ಸುತ್ತ ಗೋಡೆ ಕಟ್ಟಿದಂತಾಯಿತು.

ಆ ಗೋಡೆಯ ಕಲ್ಲುಗಳು ನಿಧಾನವಾಗಿ ಸಡಲಿದುವು. ಬೇಸಾಯವನ್ನು ಕಲಿಯುವ ವಿದ್ಯಾರ್ಥಿಗಳು 1928ರಲ್ಲಿ ಕ್ಯಾನ್ಸಾಸ್ ನಗರದಲ್ಲಿ ಸೇರಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೇರಿಕಾ' ಎಂಬ ಸಂಘವನ್ನು ಸ್ಥಾಪಿಸಿಕೊಂಡರು. ಕರಿಯ ವಿದ್ಯಾರ್ಥಿಗಳ ಸಂಘವು 1935ರಲ್ಲಿ ಬೇರೆಯಾಗಿಯೇ ಏರ್ಪಡಬೇಕಾಯಿತು; ಎರಡು ಸಂಘಗಳೂ ಒಂದಾದುದು 1965ರಲ್ಲಿ. ಹೆಣ್ಣುಮಕ್ಕಳಿಗೆ ಸದಸ್ಯತ್ವವು ದೊರೆತುದು 1969ರಲ್ಲಿ. ಕೈಗಾರಿಕಾ ವಿದ್ಯಾರ್ಥಿಗಳ ಸಂಘವು 1965ರಲ್ಲಿ ಹುಟ್ಟಿ, ಈಗ 'ಸ್ಕಿಲ್ಸ್ ಯುಎಸ್ಎ' ಎಂಬ ಹೆಸರಿನಿಂದ ಪ್ರತಿವರ್ಷವೂ ಬೆಸುಗೆ, ಬಡಗಿತನ, ವಿದ್ಯುತ್ಕಾರ್ಯ, ಪಾಕಶಾಸ್ತ್ರ ಮೊದಲಾದ ಕಲೆಗಳಲ್ಲಿ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಯಿಸುತ್ತಿದೆ. ಅಲ್ಲಿ ವಿದ್ಯಾರ್ಥಿಯು ಕೆಲಸವನ್ನು ವಿವರಿಸಿದರೆ ಸಾಲದು. ನಿಯತ ಕಾಲದಲ್ಲಿ ಮಾಡಿ ಮುಗಿಸಬೇಕು. 1984ರಲ್ಲಿ ಕೆಂಟಕಿಯ ಕಾರ್ಲ್ ಪರ್ಕಿನ್ಸರ ಹೆಸರಿನ ಶಾಸನವು ಬಂದಿತು. 2006ರಲ್ಲಿ ಅದನ್ನು ತಿದ್ದುವಾಗ ಈ ಶಿಕ್ಷಣದ ಹಳೆಯ ಹೆಸರನ್ನು ಬಿಟ್ಟು 'ಉದ್ಯೋಗ ಮತ್ತು ತಾಂತ್ರಿಕ ಶಿಕ್ಷಣ'ವೆಂಬ ಹೆಸರನ್ನು ಇಟ್ಟರು. ಗಣಿತ, ವಿಜ್ಞಾನ, ಭಾಷೆಗಳೊಡನೆ ಕೈಯ ವಿದ್ಯೆಯನ್ನು ಹೆಣೆಯಬೇಕೆಂಬ ಆಶಯವು ಆ ಶಾಸನದಲ್ಲಿ ಸ್ಪಷ್ಟವಾಗಿದೆ. 2018ರಲ್ಲಿ ಅದು ಪುನಃ ನವೀಕರಿಸಲ್ಪಟ್ಟಿತು.

ಇನ್ನು ವಿದ್ಯಾರ್ಥಿಗಳ ಸಾಧನೆಗೆ ಬರೋಣವಾಗಲಿ. ನ್ಯೂಯಾರ್ಕ್ ನಗರದಲ್ಲಿ 1925ರಲ್ಲಿ ಮೊದಲಾಗಿ, ಈಗ ಕ್ವೀನ್ಸ್ ಭಾಗದ ಲಾಂಗ್ ಐಲೆಂಡ್ ಸಿಟಿಯಲ್ಲಿರುವ ಏವಿಯೇಷನ್ ಹೈಸ್ಕೂಲೆಂಬ ಸರ್ಕಾರೀ ಶಾಲೆಯುಂಟು. ಅಲ್ಲಿ ಮಕ್ಕಳು ಸಾಮಾನ್ಯ ಪಾಠಗಳೊಡನೆ ವಿಮಾನಗಳ ದುರಸ್ತಿಯನ್ನು ಕಲಿಯುತ್ತಾರೆ. ವಿಮಾನದ ಮೈಕಟ್ಟಿಗೆ ಒಂದು, ಅದರ ಎಂಜಿನಿಗೆ ಒಂದು ಎಂದು ಕೇಂದ್ರ ವಿಮಾನಯಾನ ಇಲಾಖೆಯ ಎರಡು ಪ್ರಮಾಣಪತ್ರಗಳಿವೆ. ವಯಸ್ಸಾದ ಕುಶಲಿಗಳು ಯಾವ ಪರೀಕ್ಷೆಗೆ ಕುಳಿತುಕೊಳ್ಳಬೇಕೋ ಅದೇ ಪರೀಕ್ಷೆಗೆ ಈ ಮಕ್ಕಳೂ ಕುಳಿತುಕೊಳ್ಳುತ್ತಾರೆ. ಎರಡನ್ನೂ ಸಂಪಾದಿಸಬಯಸುವವರು ಐದನೆಯ ವರ್ಷವೂ ಶಾಲೆಯಲ್ಲಿ ಉಳಿಯಬಹುದು. ಬಾಲಕನೆಂದು ಅಲ್ಲಿ ಅಂಕಗಳಲ್ಲಿ ದಾಕ್ಷಿಣ್ಯವಿಲ್ಲ. ತಿರುಪನ್ನು ಬಿಗಿಯುವವನ ವಯಸ್ಸು ಎಷ್ಟೆಂಬುದನ್ನು ಆಕಾಶದಲ್ಲಿ ಹಾರುವ ವಿಮಾನವು ವಿಚಾರಿಸುವುದಿಲ್ಲವಷ್ಟೆ!

ಆಕಾಶಕ್ಕಿಂತಲೂ ಮೇಲಕ್ಕೆ ಹೋದ ಕೆಲಸವೂ ಉಂಟು. ನಾಸಾ ಎಂಬ ಬಾಹ್ಯಾಕಾಶ ಸಂಸ್ಥೆಯು 2003ರಲ್ಲಿ 'ಹಂಚ್' ಎಂಬ ಒಂದು ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆಗಳ ಯಂತ್ರಶಾಲೆಗಳಲ್ಲಿ ವಿದ್ಯಾರ್ಥಿಗಳು ತಯಾರಿಸಿದ ಸಾಮಾನಿನ ಪೆಟ್ಟಿಗೆ ಮೊದಲಾದ ವಸ್ತುಗಳನ್ನು ಬಾಹ್ಯಾಕಾಶ ಯಾತ್ರಿಕರ ತರಬೇತಿಗಾಗಿಯೂ, ಕ್ರಮೇಣ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬಳಕೆಗಾಗಿಯೂ ತೆಗೆದುಕೊಳ್ಳುತ್ತ ಬಂದಿದೆ. ಸಾಮಾನ್ಯ ಶಾಲೆಯಲ್ಲಿ ನೂರಕ್ಕೆ 90 ಅಂಕಗಳು ಬಂದರೆ ಅದು ಉತ್ತಮ ವರ್ಗ. ಇಲ್ಲಿ ನೂರರಲ್ಲಿ ಹತ್ತು ಅಳತೆಗಳು ತಪ್ಪಿದ ಪೆಟ್ಟಿಗೆಯು ತನ್ನ ಗೂಡಿನಲ್ಲಿ ಕೂಡಲಾರದು. ಅದನ್ನು ಮತ್ತೆ ಮಾಡಬೇಕು. ಹೀಗೆ ಮತ್ತೆ ಮತ್ತೆ ಮಾಡಿ ಸರಿಪಡಿಸುವ ತಾಳ್ಮೆಯೇ ಈ ವಿದ್ಯೆಯ ಮೊದಲ ಫಲ.

ಇವುಗಳಿಗಿಂತಲೂ ಪ್ರಸಿದ್ಧವಾದ ಒಂದು ವೃತ್ತಾಂತವುಂಟು. ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರವು ಮರುಭೂಮಿಯ ನಡುವೆ ಇದೆ. ಅದರ ಪಶ್ಚಿಮ ಭಾಗದಲ್ಲಿ ಕಾರ್ಲ್ ಹೇಡನ್ ಎಂಬ ಪ್ರೌಢಶಾಲೆ. ಕಲಿಯುವವರಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಬಡ ಕುಟುಂಬಗಳ ಮಕ್ಕಳು. ಫ್ರೆಡಿ ಲಜ್ವಾರ್ದಿ, ಅಲನ್ ಕ್ಯಾಮರಾನ್ ಎಂಬ ಇಬ್ಬರು ಉಪಾಧ್ಯಾಯರು ಅಲ್ಲಿ ಯಂತ್ರಮಾನವಗಳನ್ನು ಕಟ್ಟುವ ಒಂದು ವಿದ್ಯಾರ್ಥಿ ಸಂಘವನ್ನು ನಡೆಯಿಸುತ್ತಿದ್ದರು. ಸಮುದ್ರ ಸಂಬಂಧವಾದ ತಾಂತ್ರಿಕ ಶಿಕ್ಷಣಕ್ಕಾಗಿ ಏರ್ಪಟ್ಟ 'ಮೇಟ್' ಎಂಬ ಕೇಂದ್ರವು 2004ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ವಿಶ್ವವಿದ್ಯಾನಿಲಯದಲ್ಲಿ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ನೀರಿನಲ್ಲಿ ಮುಳುಗಿ, ದಡದಲ್ಲಿರುವವರ ಆಜ್ಞೆಯಂತೆ ಕೆಲಸ ಮಾಡುವ ಯಂತ್ರವನ್ನು ಕಟ್ಟುವುದೇ ಅಲ್ಲಿಯ ಪಂಥ. ಕಾರ್ಲ್ ಹೇಡನ್ ಶಾಲೆಯ ನಾಲ್ವರು ಬಾಲಕರು ಅದಕ್ಕೆ ಹೊರಟರು. ಕಾಲೇಜುಗಳು ಸೇರುವ ಮೇಲಿನ ವರ್ಗವನ್ನೇ ಅವರು ಆರಿಸಿಕೊಂಡರು. ಸೋತರೂ ವಿಶ್ವವಿದ್ಯಾನಿಲಯಗಳಿಗೆ ಸೋತೆವೆಂಬ ಸಮಾಧಾನವಾದರೂ ಉಳಿಯಲೆಂಬುದು ಗುರುಗಳ ಲೆಕ್ಕ.

ಅವರ ಕೈಯಲ್ಲಿದ್ದ ಹಣವು ಸುಮಾರು 800 ಡಾಲರು. ಎದುರಾಳಿಗಳಲ್ಲಿ ಒಬ್ಬರಾದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದವರು ಜಗತ್ತಿನಲ್ಲಿಯೇ ಹೆಸರಾದವರು. ಅವರಿಗೆ ಒಂದು ದೊಡ್ಡ ತೈಲ ಸಂಸ್ಥೆಯಿಂದ 10,000 ಡಾಲರು ದೊರೆತಿತ್ತು. ಫೀನಿಕ್ಸಿನ ಬಾಲಕರು ಮನೆಗಳಲ್ಲಿ ನೀರಿನ ಕೊಳವೆಗಾಗಿ ಬಳಸುವ ಪಿವಿಸಿ ನಳಿಗೆಗಳಿಂದ ಯಂತ್ರದ ಎಲುಬುಗೂಡನ್ನು ಕಟ್ಟಿದರು. ಆ ನಳಿಗೆಗಳನ್ನು ಅಂಟಿಸಿದ ಗೋಂದಿನ ದುರ್ಗಂಧದಿಂದ ಅದಕ್ಕೆ ನಾರುವವನೆಂಬರ್ಥದ 'ಸ್ಟಿಂಕಿ' ಎಂಬ ಹೆಸರೇ ಬಿದ್ದಿತು! ತಿಳಿಯದ ಸಂಗತಿಗಳನ್ನು ಉಪಕರಣ ತಯಾರಿಸುವ ತಜ್ಞರಿಗೆ ದೂರವಾಣಿ ಮಾಡಿ ಸಂಕೋಚವಿಲ್ಲದೆ ಕೇಳಿ ತಿಳಿದುಕೊಂಡರು. ಸ್ಪರ್ಧೆಗೆ ಮುನ್ನ ನೀರಿಗಿಳಿಸಿ ನೋಡಿದಾಗ ವಿದ್ಯುತ್ ಉಪಕರಣಗಳಿದ್ದ ಪೆಟ್ಟಿಗೆಯೊಳಕ್ಕೆ ನೀರು ಒಸರಿತು. ಹೊಸ ಪೆಟ್ಟಿಗೆಗೆ ಕಾಲವೂ ಇರಲಿಲ್ಲ, ಹಣವೂ ಇರಲಿಲ್ಲ. ಹೆಂಗಸರ ಬಳಕೆಗಾಗಿ ಅಂಗಡಿಯಲ್ಲಿ ಮಾರುವ, ತೇವವನ್ನು ಬಲವಾಗಿ ಹೀರುವ ಹತ್ತಿಯ ಸುರುಳಿಗಳನ್ನು ತಂದು ಪೆಟ್ಟಿಗೆಯೊಳಗೆ ತುಂಬಿದರು. ಸಡಲಿದ ತಂತಿಗಳಿಗೆ ರಾತ್ರಿ ಬಹಳ ಹೊತ್ತಿನವರೆಗೆ ಕುಳಿತು ಬೆಸುಗೆ ಹಾಕಿದರು.

ಮರುದಿನದ ಪರೀಕ್ಷೆಗಳಲ್ಲಿ ಒಂದು ಬಹಳ ಕಠಿನವಾಗಿತ್ತು. ನೀರಿನ ಮಟ್ಟದಿಂದ 12 ಅಡಿ ಕೆಳಗಿದ್ದ ಒಂದು ಪಾತ್ರೆಯ ಸಣ್ಣ ಕಂಡಿಯೊಳಗೆ ನಳಿಗೆಯನ್ನು ತೂರಿಸಿ, ಅದರೊಳಗಿದ್ದ ದ್ರವದಲ್ಲಿ 500 ಮಿಲಿಲೀಟರನ್ನು ಸುತ್ತಲ ನೀರು ಬೆರೆಯದಂತೆ ಹೀರಿ ತರಬೇಕು. ಮ್ಯಾಸಚೂಸೆಟ್ಸಿನವರಿಗೆ ಅದು ಸಾಧ್ಯವಾಗಲಿಲ್ಲ. ಈ ಬಾಲಕರು ಒಂದು ಸಣ್ಣ ಪಂಪನ್ನೂ ಒಂದು ಬಲೂನನ್ನೂ ಜೋಡಿಸಿ ಅದನ್ನು ಸಾಧಿಸಿದರು. ವಿನ್ಯಾಸಕ್ಕೂ, ಯಂತ್ರದ ವಿಷಯವಾಗಿ ಬರೆದ ತಾಂತ್ರಿಕ ವರದಿಗೂ ಬಹುಮಾನಗಳು ಅವರಿಗೇ ಬಂದುವು. ಕಡೆಯಲ್ಲಿ ಒಟ್ಟು ಸ್ಪರ್ಧೆಯ ಪ್ರಥಮ ಸ್ಥಾನವೂ ಅವರದಾಯಿತು, ಮ್ಯಾಸಚೂಸೆಟ್ಸಿನವರು ಎರಡನೆಯವರಾದರು.

ಇಲ್ಲಿ ಒಂದು ಸೂಕ್ಷ್ಮವನ್ನು ಸಭಿಕರು ಲಕ್ಷಿಸಬೇಕು. ವರದಿಯ ಬಹುಮಾನವು ಯಾರಿಗೆ ಬಂದಿತು? ಇಂಗ್ಲಿಷು ಮನೆಮಾತಲ್ಲದ ಬಾಲಕರಿಗೆ. ಅಲಂಕಾರದ ಪ್ರಬಂಧವನ್ನು ಬರೆಯೆಂದಿದ್ದರೆ ಅವರು ಬರೆಯುತ್ತಿದ್ದರೋ ಇಲ್ಲವೋ. ತಮ್ಮ ಕೈಯಿಂದ ಕಟ್ಟಿದ ವಸ್ತುವು ಹೇಗೆ ನಡೆಯುವುದೆಂದು ಬರೆಯಬೇಕಾದಾಗ ಹೇಳಲು ವಿಷಯವಿತ್ತು. ವಿಷಯವಿದ್ದಲ್ಲಿ ಭಾಷೆಯು ಹಿಂಬಾಲಿಸಿತು. ಕೈಗೆಲಸವು ಅಕ್ಷರಕ್ಕೆ ಶತ್ರುವೆಂದು ಭಾವಿಸುವವರು ಈ ನಿದರ್ಶನವನ್ನು ವಿಚಾರಿಸತಕ್ಕದ್ದು.

ಇಂಥದೇ ಇನ್ನೊಂದು ಕಥೆಯು ಪೂರ್ವದ ಫಿಲಡೆಲ್ಫಿಯಾ ನಗರದ್ದು. ಅಲ್ಲಿಯ ವೆಸ್ಟ್ ಫಿಲಡೆಲ್ಫಿಯಾ ಹೈಸ್ಕೂಲಿನಲ್ಲಿ ಮೋಟಾರು ದುರಸ್ತಿಯನ್ನು ಕಲಿಸುವ ವಿಭಾಗವಿತ್ತು. ಎಂಜಿನಿಯರಾಗಿದ್ದು ಉಪಾಧ್ಯಾಯ ವೃತ್ತಿಗೆ ಬಂದ ಸೈಮನ್ ಹೌಗರ್ ಎಂಬವರು 1998ರಲ್ಲಿ, ಶಾಲೆ ಬಿಟ್ಟ ಮೇಲೆ ಆ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ವಿದ್ಯುತ್ತಿನಿಂದ ಓಡುವ ಸಣ್ಣ ಬಂಡಿಯೊಂದನ್ನು ಕಟ್ಟಿಸಿದರು. ಅಲ್ಲಿಂದ ಮುಂದುವರಿದು ಆ ಮಕ್ಕಳು ವಿದ್ಯುತ್ ಯಂತ್ರವೂ, ಸಸ್ಯತೈಲದ ಡೀಸೆಲಿನಿಂದ ನಡೆಯುವ ಎಂಜಿನೂ ಕೂಡಿದ ಒಂದು ವೇಗದ ಕಾರನ್ನು ನಿರ್ಮಿಸಿದರು. 'ಟೂರ್ ಡೆ ಸೋಲ್' ಎಂಬ ಪರಿಶುದ್ಧ ವಾಹನಗಳ ಪಂದ್ಯದಲ್ಲಿ 2005ರಲ್ಲಿಯೂ 2006ರಲ್ಲಿಯೂ ಅವರಿಗೆ ಜಯ ದೊರೆಯಿತು. ಅನಂತರ ಒಂದು ಗ್ಯಾಲನ್ನು ಇಂಧನಕ್ಕೆ 100 ಮೈಲಿ ಓಡುವ ಕಾರಿಗಾಗಿ ಒಟ್ಟು ಒಂದು ಕೋಟಿ ಡಾಲರುಗಳ 'ಎಕ್ಸ್ ಪ್ರೈಜ್' ಎಂಬ ಬಹುಮಾನವು ಸಾರಲ್ಪಟ್ಟಿತು. ಸೇರಿದ 111 ತಂಡಗಳಲ್ಲಿ ಕಾರ್ಖಾನೆಗಳವರಿದ್ದರು, ವಿಶ್ವವಿದ್ಯಾನಿಲಯಗಳವರಿದ್ದರು. ಇವರೊಡನೆ ಈ ಪ್ರೌಢಶಾಲೆಯ ಮಕ್ಕಳೂ ನಿಂತರು. 2010ರಲ್ಲಿ ಅನೇಕರು ಉದುರಿಹೋದ ಮೇಲೂ ಉಳಿದಿದ್ದು, ಕಡೆಯ ಸುತ್ತನ್ನು ಮುಟ್ಟದೆ ಹಿಂದಿರುಗಿದರು. ಅವರ ಕಾರು ಗ್ಯಾಲನ್ನಿಗೆ 65 ಮೈಲಿಗಿಂತ ಹೆಚ್ಚಾಗಿ, ಎಂದರೆ ಲೀಟರಿಗೆ ಸುಮಾರು 28 ಕಿಲೋಮೀಟರು ಓಡಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಬರಾಕ್ ಒಬಾಮರು ತಮ್ಮ ಭಾಷಣವೊಂದರಲ್ಲಿ ಸೋತ ಈ ತಂಡವನ್ನೇ ಎತ್ತಿ ಪ್ರಶಂಸಿಸಿದರು. ಹೌಗರರೂ ಅವರ ಸಂಗಡಿಗರೂ ಈ ಅನುಭವವನ್ನು ಅಲ್ಲಿಗೇ ಬಿಡಲಿಲ್ಲ. ಪಠ್ಯವನ್ನೆಲ್ಲ ಕೆಲಸದ ಮೂಲಕವೇ ಕಲಿಸುವ 'ವರ್ಕ್‌ಶಾಪ್ ಸ್ಕೂಲ್' ಎಂಬ ಸರ್ಕಾರೀ ಪ್ರೌಢಶಾಲೆಯು 2013ರಲ್ಲಿ ಅದೇ ನಗರದಲ್ಲಿ ಹುಟ್ಟಿತು.

ಈ ವೃತ್ತಾಂತಗಳನ್ನು ಕೇಳಿದವರಲ್ಲಿ ಎರಡು ಸಂದೇಹಗಳು ಏಳಬಹುದು. ಸಾವಿರಾರು ಶಾಲೆಗಳಲ್ಲಿ ಎರಡು ಮೂರು ಗೆದ್ದುದರಿಂದ ಏನು ಸಿದ್ಧವಾಯಿತೆಂಬುದು ಮೊದಲನೆಯದು. ಇದಕ್ಕೆ ಸಮಾಧಾನವೇನೆಂದರೆ: ಪದಕವು ಕೆಲವರಿಗೆ ಬರುವುದು ನಿಜ, ಆದರೆ ಪದಕವನ್ನು ತಂದ ಅಭ್ಯಾಸವು ಎಲ್ಲರಿಗೂ ಬರತಕ್ಕದ್ದು. ಅಳೆದು ಕತ್ತರಿಸುವುದು, ತಪ್ಪಿದರೆ ಒಪ್ಪಿಕೊಂಡು ಪುನಃ ಮಾಡುವುದು, ತಿಳಿಯದುದನ್ನು ತಿಳಿದವರಲ್ಲಿ ಕೇಳುವುದು, ನಾಲ್ವರು ಕೂಡಿ ಒಂದು ವಸ್ತುವಿಗೆ ಹೊಣೆಯಾಗುವುದು, ಇವು ಸ್ಪರ್ಧೆಗೆ ಹೋಗದ ಹುಡುಗನಲ್ಲಿಯೂ ನೆಲೆಗೊಳ್ಳುತ್ತವೆ. ನೀರು ಒಸರುವ ಪೆಟ್ಟಿಗೆಯ ಮುಂದೆ ಯಾರ ಮಗನೆಂಬ ಪ್ರತಿಷ್ಠೆಯೂ ನಡೆಯದು, ಬಾಯಿಪಾಠವೂ ನಡೆಯದು. ಅಂಥ ನಿಷ್ಪಕ್ಷಪಾತಿಯಾದ ಪರೀಕ್ಷಕನು ಬಾಲ್ಯದಲ್ಲಿ ದೊರೆಯುವುದು ದೊಡ್ಡ ಭಾಗ್ಯ.

ಕೈಗೆಲಸದ ಶಾಲೆಗೆ ಹೋದವನು ಕೈಗೆಲಸದಲ್ಲಿಯೇ ಸಿಕ್ಕಿಬಿದ್ದು ಮೇಲಿನ ಓದಿಗೆ ಎರವಾಗುವನೆಂಬುದು ಎರಡನೆಯ ಸಂದೇಹ. ತಾಯಿತಂದೆಗಳ ಈ ಭಯವನ್ನು ಅಲ್ಲಗಳೆಯಲಾಗದು. ಅಮೇರಿಕೆಯ ಅರ್ಧ ಶತಮಾನದ ಚರಿತ್ರೆಯೇ ಅದಕ್ಕೆ ಸಾಕ್ಷಿ. ಆದರೆ ದೋಷವಿದ್ದುದು ಕೆಲಸದಲ್ಲಲ್ಲ, ಗೋಡೆಯಲ್ಲಿ. ಮುಂದಿನ ಬಾಗಿಲನ್ನು ಮುಚ್ಚಿಬಿಟ್ಟರೆ ಅತ್ಯಂತ ಸಮರ್ಥನಾದವನೂ ಹೊರಗೇ ನಿಲ್ಲುವನು. ಫೀನಿಕ್ಸಿನ ನಾಲ್ವರ ಮುಂದಿನ ಚರಿತ್ರೆಯಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಅವರು ಬಾಲ್ಯದಲ್ಲಿ ಮೆಕ್ಸಿಕೋದಿಂದ ಕರೆತರಲ್ಪಟ್ಟವರು. ವಾಸಕ್ಕೆ ಬೇಕಾದ ಕಾಗದಪತ್ರಗಳು ಅವರಲ್ಲಿರಲಿಲ್ಲ. ಅಂಥವರಿಗೆ ಸರ್ಕಾರೀ ಕಾಲೇಜುಗಳಲ್ಲಿ ಸ್ಥಳೀಯರ ಕಡಮೆ ಶುಲ್ಕವು ಸಲ್ಲಕೂಡದೆಂದು 2006ರಲ್ಲಿ ಅರಿಜೋನಾದ ಮತದಾರರು ನಿರ್ಣಯಿಸಿದರು. ನಾಲ್ವರಲ್ಲಿ ಒಬ್ಬನು ಈ ಕಾರಣದಿಂದಲೇ ವಿಶ್ವವಿದ್ಯಾನಿಲಯವನ್ನು ಬಿಡಬೇಕಾಯಿತು. ಇನ್ನೊಬ್ಬನಾದ ಆಸ್ಕರ್ ವಾಸ್ಕೆಸನು 2009ರಲ್ಲಿ ಯಂತ್ರಶಾಸ್ತ್ರದ ಪದವಿಯನ್ನು ಪಡೆದು, ಕ್ರಮಬದ್ಧವಾಗಿ ಅನುಮತಿಯನ್ನು ಪಡೆಯಬೇಕೆಂದು ತಾನಾಗಿಯೇ ಮೆಕ್ಸಿಕೋಕ್ಕೆ ಹಿಂದಿರುಗಿದನು. ಅಲ್ಲಿ ಅವನಿಗೆ ತಿಳಿದುಬಂದುದು, ಹತ್ತು ವರ್ಷ ಮರಳಕೂಡದೆಂಬ ನಿಷೇಧ! ಸೆನೆಟ್ ಸಭೆಯ ಸದಸ್ಯರಾದ ಡಿಕ್ ಡರ್ಬಿನ್ನರು ಅವನ ಪಕ್ಷವನ್ನು ವಹಿಸಿದ ಮೇಲೆ 2010ರಲ್ಲಿ ಅವನು ಹೆಂಡತಿ ಮಗಳನ್ನು ಸೇರುವಂತಾಯಿತು. ತರುವಾಯ ಅವನು ಆ ದೇಶದ ಸೈನ್ಯವನ್ನು ಸೇರಿ ಆಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದನು.

ಕಾನೂನಿನ ಗುಣದೋಷಗಳನ್ನು ವಿಮರ್ಶಿಸುವುದು ಈ ಉಪನ್ಯಾಸಕ್ಕೆ ಸೇರಿದುದಲ್ಲ. ಆದರೆ ಚಪ್ಪಾಳೆ ತಟ್ಟಿ ಪದಕವನ್ನು ಕೊಟ್ಟ ಮಾತ್ರಕ್ಕೆ ಹಿರಿಯರ ಕರ್ತವ್ಯವು ಮುಗಿಯಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಕೈಯ ವಿದ್ಯೆಯಲ್ಲಿ ಹೆಸರು ಪಡೆದ ವಿದ್ಯಾರ್ಥಿಗೆ ಮುಂದೆ ಓದುವ ದಾರಿಯೂ, ದುಡಿದು ಮಾನದಿಂದ ಬಾಳುವ ದಾರಿಯೂ ತೆರೆದಿರಬೇಕು. ಯಾವುದನ್ನು ಹಿಡಿಯಬೇಕೆಂಬ ಆಯ್ಕೆಯು ಅವನದಾಗಿರಬೇಕು. ಆ ನಾಲ್ವರಲ್ಲಿ ಇಬ್ಬರು ಅಡಿಗೆಯ ವೃತ್ತಿಯನ್ನು ಹಿಡಿದು ಔತಣಗಳಿಗೆ ಆಹಾರವನ್ನು ಒದಗಿಸುವ ಉದ್ಯಮವನ್ನು ಕೂಡಿ ನಡೆಯಿಸಿದರು. ಅವರ ಸಾಧನೆಯೂ ಕಡಮೆಯದೇನಲ್ಲ.

ಕನ್ನಡ ನಾಡಿಗೆ ಈ ವಿಚಾರವು ಹೊಸದೂ ಅಲ್ಲ, ಪರಕೀಯವೂ ಅಲ್ಲ. ಅಮೇರಿಕಾ, ಜಪಾನು ದೇಶಗಳನ್ನು ಸುತ್ತಿ ಅಲ್ಲಿಯ ಕೈಗಾರಿಕೆಗಳನ್ನೂ ಶಿಕ್ಷಣವನ್ನೂ ಕಣ್ಣಾರೆ ಕಂಡು ಬಂದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಆರನೆಯ ತರಗತಿಯಿಂದಲೇ ಮಕ್ಕಳಿಗೆ ಉದ್ಯೋಗ ವಿದ್ಯೆಯ ಪರಿಚಯವಾಗಬೇಕೆಂದು ಹೇಳಿದೆ. ಶಾಸನಗಳು ಬರುವುವು, ನೀತಿಗಳು ಬರುವುವು. ಅವು ಸಫಲವಾಗುವುದು ಮಾತ್ರ ಮನೆಯ ಜಗಲಿಯಲ್ಲಿ. ಮಗಳು ಬೆಸುಗೆಯ ಕೆಲಸವನ್ನು ಕಲಿಯುತ್ತೇನೆಂದಾಗ ತಂದೆಯ ಮುಖವು ಹೇಗಾಗುವುದು, ಬಡಗಿಯ ವಿದ್ಯೆಯಲ್ಲಿ ಮೊದಲಿಗನಾದ ಮಗನ ವಿಷಯವನ್ನು ತಾಯಿಯು ನೆರೆಯವರಲ್ಲಿ ತಗ್ಗಿದ ದನಿಯಲ್ಲಿ ಹೇಳುವಳೋ ಎತ್ತಿದ ದನಿಯಲ್ಲಿ ಹೇಳುವಳೋ, ಇವುಗಳಿಂದಲೇ ಆ ನೀತಿಗಳ ಆಯುಸ್ಸು ನಿರ್ಣಯವಾಗುವುದು.

ಆದಕಾರಣ, ಗ್ರಂಥಪಾಠದಲ್ಲಿ ಉತ್ತೀರ್ಣರಾದವರನ್ನು ಕರೆದು ಸನ್ಮಾನಿಸುವ ಸಭೆಗಳಲ್ಲಿ ಒಳ್ಳೆಯ ಬಾಗಿಲನ್ನು ಮಾಡಿದ ಹುಡುಗನಿಗೂ, ಕೆಟ್ಟ ಪಂಪನ್ನು ಸರಿಪಡಿಸಿದ ಹುಡುಗಿಗೂ ಅದೇ ಸಾಲಿನಲ್ಲಿ ಪೀಠವಿರಲಿ. ಸನ್ಮಾನದ ಮರುದಿನ ಅವರ ಮುಂದಿನ ವಿದ್ಯಾಭ್ಯಾಸದ ವೆಚ್ಚವನ್ನು ವಿಚಾರಿಸುವವರೂ ಇರಲಿ. ಎರಡು ವಿದ್ಯೆಗಳ ನಡುವಣ ಗೋಡೆಯು ಮೊದಲು ತಂತಮ್ಮ ಮನೆಗಳಲ್ಲಿ ಬೀಳಲಿ ಎಂದು ಸಭಿಕರಲ್ಲಿ ವಿಜ್ಞಾಪನೆ.